‘ಲವಾರ್’ ಎಂಬ ಕ್ರಿಯಾಪದ: ಕೈ ತೊಳೆಯುವುದರಿಂದ ಹಣ ತೊಳೆಯುವವರೆಗೆ

ಪ್ರಶ್ನೆ: ಬೆಂಗಳೂರಿನ ಒಂದು ಕಚೇರಿಯಲ್ಲಿ ಸ್ಪ್ಯಾನಿಷ್ ಭಾಷೆಯ ಗ್ರಾಹಕರ ಕಾಗದಪತ್ರಗಳನ್ನು ನೋಡಿಕೊಳ್ಳುವ ಕೆಲಸ ನನ್ನದು, ಜೊತೆಗೆ ಸಂಜೆ ತರಗತಿಯಲ್ಲಿ ಭಾಷೆಯನ್ನೂ ಕಲಿಯುತ್ತಿದ್ದೇನೆ. ‘ಲವಾರ್’ ಎಂದರೆ ತೊಳೆಯುವುದು ಎಂದು ಪಠ್ಯದಲ್ಲಿದೆ. ಆದರೆ ‘ನಾನು ನನ್ನ ಕೈಗಳನ್ನು ತೊಳೆಯುತ್ತೇನೆ’ ಎನ್ನಲು ‘ಲಾವೊ ಮಿಸ್ ಮಾನೊಸ್’ ಎಂದು ಬರೆದಾಗ ಶಿಕ್ಷಕಿ ಅದನ್ನು ತಿದ್ದಿದರು. ಪಾತ್ರೆ ತೊಳೆಯುವುದಕ್ಕೆ ಸ್ಪೇನಿನವರು ‘ಫ್ರೆಗಾರ್’ ಎನ್ನುತ್ತಾರೆ, ಮೆಕ್ಸಿಕೊದವರು ‘ಲವಾರ್’ ಎನ್ನುತ್ತಾರೆ. ಕಚೇರಿಯ ಕಾಗದಗಳಲ್ಲಿ ‘ಲವಾದೊ ದೆ ದಿನೇರೊ’, ‘ಲವಾದೊ ದೆ ಆಕ್ತೀವೊಸ್’, ‘ಬ್ಲಾಂಕೇಒ ದೆ ಕಪಿತಾಲೆಸ್’ ಎಂಬ ಮೂರೂ ಬರುತ್ತವೆ. ಈ ಪದವನ್ನು ಎಲ್ಲಿ ಹೇಗೆ ಬಳಸಬೇಕೆಂದು ವಿವರವಾಗಿ ತಿಳಿಸುವಿರಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಹೆಣೆದುಕೊಂಡಿವೆ. ಲವಾರ್ ಎಂಬ ಕ್ರಿಯಾಪದದ ವ್ಯಾಕರಣ ಸ್ಪ್ಯಾನಿಷ್ ಆಡುವ ಎಲ್ಲ ನಾಡುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿದೆ. ಅದನ್ನು ಒಮ್ಮೆ ಸರಿಯಾಗಿ ಕಲಿತರೆ ಸಾಕು. ಆದರೆ ಅದರಿಂದ ಹುಟ್ಟಿದ ನಾಮಪದಗಳೂ ಅದರ ಅಕ್ಕಪಕ್ಕದ ಕ್ರಿಯಾಪದಗಳೂ ದೇಶದಿಂದ ದೇಶಕ್ಕೆ ಬದಲಾಗುತ್ತವೆ, ಅಲ್ಲಿ ‘ಯಾವುದು ಸರಿ’ ಎಂಬ ಪ್ರಶ್ನೆಗಿಂತ ‘ಯಾವ ದೇಶದಲ್ಲಿ’ ಎಂಬ ಪ್ರಶ್ನೆಯೇ ಮುಖ್ಯವಾಗುತ್ತದೆ. ವ್ಯಾಕರಣದ ಭಾಗದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ, ಅದನ್ನು ನಮ್ಮ ಕಲಿಯುವವರು ಬಹುಮಟ್ಟಿಗೆ ಬಳಸಿಕೊಳ್ಳುವುದಿಲ್ಲ: ಇಂಗ್ಲಿಷಿನ ಮೂಲಕ ಹೋದರೆ ತೊಡಕಾಗುವ ಜಾಗದಲ್ಲಿ ಕನ್ನಡದಿಂದ ನೇರವಾಗಿ ಹೋದರೆ ದಾರಿ ಸಲೀಸಾಗಿದೆ.

ಮೊದಲು ಉಚ್ಚಾರಣೆಯ ಬಗ್ಗೆ ಎರಡು ಮಾತು. ಸ್ಪ್ಯಾನಿಷ್‌ನಲ್ಲಿ ನಮ್ಮ ಹಾಗೆ ಹ್ರಸ್ವ, ದೀರ್ಘ ಸ್ವರಗಳ ಭೇದವಿಲ್ಲ, ಅಲ್ಲಿರುವುದು ಒತ್ತಿನ ಭೇದ. ಈ ಉತ್ತರದಲ್ಲಿ ಒತ್ತು ಬೀಳುವ ಜಾಗವನ್ನು ಸಾಮಾನ್ಯವಾಗಿ ದೀರ್ಘ ಸ್ವರದಿಂದ ಸೂಚಿಸಿದ್ದೇನೆ. ಲವಾರ್ ಪದದಲ್ಲಿ ಒತ್ತು ಕೊನೆಯ ಭಾಗದ ಮೇಲಿದೆ. ನಡುವಿನ ವ್ಯಂಜನವನ್ನು ಮೇಲಿನ ಹಲ್ಲು ಕೆಳತುಟಿಗೆ ತಾಗುವಂತೆ ಉಚ್ಚರಿಸುವುದಿಲ್ಲ. ಎರಡು ತುಟಿಗಳು ಹತ್ತಿರ ಬಂದು ಪೂರ್ತಿ ಮುಚ್ಚದೆ ಬಿಡುವ, ನಮ್ಮ ವಕಾರಕ್ಕೂ ಬಕಾರಕ್ಕೂ ನಡುವಿನ ಸದ್ದು ಅದು. ಒತ್ತು ತಪ್ಪಿದರೆ ಅರ್ಥವೇ ಬದಲಾಗುತ್ತದೆ ಎಂಬುದನ್ನು ನೆನಪಿಡಬೇಕು: ‘ಲಾವೊ’ ಎಂದರೆ ‘ನಾನು ತೊಳೆಯುತ್ತೇನೆ’, ‘ಲವೋ’ ಎಂದರೆ ‘ಅವನು (ಅಥವಾ ಅವಳು) ತೊಳೆದನು’. ಬರವಣಿಗೆಯಲ್ಲಿ ಈ ಎರಡಕ್ಕೂ ಇರುವ ವ್ಯತ್ಯಾಸ ಕೊನೆಯ ಸ್ವರದ ಮೇಲಿನ ಒಂದು ಸಣ್ಣ ಗೆರೆ ಮಾತ್ರ.

ರೂಪಗಳ ವಿಷಯದಲ್ಲಿ ಲವಾರ್ ಬಹಳ ಸಾಧುವಾದ ಕ್ರಿಯಾಪದ. ಲ್ಯಾಟಿನ್‌ನ ‘ಲವಾರೆ’ಯಿಂದ ಬಂದ ಇದು ‘ಆರ್’ ಎಂದು ಕೊನೆಗೊಳ್ಳುವ ಮೊದಲನೆಯ ಗುಂಪಿಗೆ ಸೇರಿದ್ದು, ಯಾವ ಕಾಲದಲ್ಲಿಯೂ ಧಾತು ಕೆಡುವುದಿಲ್ಲ. ವರ್ತಮಾನದಲ್ಲಿ ಲಾವೊ, ಲಾವಸ್, ಲಾವ, ಲವಾಮೊಸ್, ಲವಾಯ್ಸ್, ಲಾವನ್. ಮುಗಿದ ಭೂತಕಾಲದಲ್ಲಿ ಲವೇ, ಲವಾಸ್ತೆ, ಲವೋ, ಲವಾಮೊಸ್, ಲವಾಸ್ತೆಯ್ಸ್, ಲವಾರೊನ್. ‘ಲವಾಮೊಸ್’ ಎರಡೂ ಕಡೆ ಒಂದೇ ರೂಪದಲ್ಲಿದೆ. ‘ನಾವು ತೊಳೆಯುತ್ತೇವೆ’ ಎಂದೋ ‘ನಾವು ತೊಳೆದೆವು’ ಎಂದೋ ಸಂದರ್ಭವೇ ಹೇಳಬೇಕು. ‘ಲಾವ’ ಎಂಬ ರೂಪ ಜ್ವಾಲಾಮುಖಿಯ ಲಾವಾರಸದ ಹೆಸರೂ ಆಗಿರುವುದರಿಂದ ಮೊದಲ ವರ್ಷದ ತರಗತಿಗಳಲ್ಲಿ ಒಂದಿಷ್ಟು ನಗೆಗೆ ಅವಕಾಶವಾಗುತ್ತದೆಯೇ ಹೊರತು ಗೊಂದಲವೇನೂ ಆಗುವುದಿಲ್ಲ.

ಈಗ ನಿಮ್ಮ ಶಿಕ್ಷಕಿ ತಿದ್ದಿದ ವಾಕ್ಯಕ್ಕೆ ಬರೋಣ. ಅವರು ಬಹುಶಃ ‘ಮೆ ಲಾವೊ ಲಾಸ್ ಮಾನೊಸ್’ ಎಂದು ಬದಲಾಯಿಸಿರಬೇಕು. ಪದಕ್ಕೆ ಪದವಿಟ್ಟರೆ ಅದರಲ್ಲಿ ‘ನನ್ನ’ ಎಂಬ ಪದವೇ ಇಲ್ಲ. ‘ಮಾನೊಸ್’ (ಕೈಗಳು) ಪದದ ಮುಂದೆ ಇರುವುದು ‘ಲಾಸ್’ ಎಂಬ ಬರಿಯ ನಿರ್ದೇಶಕ, ಕೈ ಯಾರದೆಂದು ಹೇಳುವುದು ಕ್ರಿಯಾಪದದ ಮುಂದಿರುವ ‘ಮೆ’. ಇಂಗ್ಲಿಷಿನಿಂದ ಯೋಚಿಸಿದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಕನ್ನಡದಲ್ಲಿ ನೀವು ಮನೆಯಲ್ಲಿ ಹೇಗೆ ಮಾತಾಡುತ್ತೀರಿ ಎಂದು ನೆನಪಿಸಿಕೊಳ್ಳಿ. ‘ನಾನು ಕೈ ತೊಳೆದುಕೊಂಡೆ’ ಎನ್ನುತ್ತೇವೆಯೇ ಹೊರತು ‘ನಾನು ನನ್ನ ಕೈಗಳನ್ನು ತೊಳೆದೆ’ ಎನ್ನುವುದಿಲ್ಲ. ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದವೇ ಕೆಲಸ ಕರ್ತೃವಿನ ಕಡೆಗೆ ತಿರುಗಿದೆ ಎಂದು ಹೇಳಿಬಿಡುವುದರಿಂದ ‘ನನ್ನ’ ಎಂಬುದು ಅನಾವಶ್ಯಕವಾಗುತ್ತದೆ. ಸ್ಪ್ಯಾನಿಷ್‌ನ ಮೆ, ತೆ, ಸೆ, ನೊಸ್, ಒಸ್ ಎಂಬ ಸರ್ವನಾಮಗಳು ಮಾಡುವುದೂ ಇದನ್ನೇ. ಆದ್ದರಿಂದ ಲವಾರ್ ಎಂದರೆ ತೊಳೆ, ಲವಾರ್ಸೆ ಎಂದರೆ ತೊಳೆದುಕೊಳ್ಳು ಎಂದು ಎರಡನ್ನೂ ಜೋಡಿಯಾಗಿ ಮನಸ್ಸಿನಲ್ಲಿಟ್ಟುಕೊಂಡರೆ ನಿಮ್ಮ ತಪ್ಪುಗಳಲ್ಲಿ ದೊಡ್ಡ ಪಾಲು ಕಳೆದುಹೋಗುತ್ತದೆ. ‘ಲಾವೊ ಮಿಸ್ ಮಾನೊಸ್’ ವ್ಯಾಕರಣದ ಪ್ರಕಾರ ಅಸಾಧ್ಯವಾದ ವಾಕ್ಯವೇನಲ್ಲ. ಕೈಗಳು ತನ್ನಿಂದ ಬೇರೆಯಾದ ವಸ್ತುಗಳೆಂಬಂತೆ ಅದು ಕೇಳಿಸುತ್ತದೆ, ಅಷ್ಟೆ.

ಈ ಹೋಲಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ‘ಮಕ್ಕಳು ಮುಖ ತೊಳೆದುಕೊಂಡರು’ ಎನ್ನುವಾಗ ಮಕ್ಕಳು ಎಷ್ಟೇ ಜನರಿದ್ದರೂ ನಾವು ‘ಮುಖಗಳು’ ಎನ್ನುವುದಿಲ್ಲ. ಸ್ಪ್ಯಾನಿಷ್‌ನವರೂ ‘ಲೊಸ್ ನೀನ್ಯೊಸ್ ಸೆ ಲವಾರೊನ್ ಲಾ ಕಾರ’ ಎಂದು ಮುಖವನ್ನು ಏಕವಚನದಲ್ಲಿಯೇ ಇಡುತ್ತಾರೆ, ಏಕೆಂದರೆ ಒಬ್ಬೊಬ್ಬರಿಗೆ ಇರುವುದು ಒಂದೇ ಮುಖ. ಕೈಗಳ ವಿಷಯದಲ್ಲಿ ಮಾತ್ರ ದಾರಿ ಬೇರೆಯಾಗುತ್ತದೆ: ನಾವು ಎರಡು ಕೈಯನ್ನೂ ಸೇರಿಸಿ ‘ಕೈ’ ಎಂದರೆ ಅವರು ‘ಮಾನೊಸ್’ ಎಂದು ಬಹುವಚನ ಬಳಸುತ್ತಾರೆ. ಅದರ ಜೊತೆಗೆ ‘ಮಾನೊ’ ಎಂಬುದು ‘ಒ’ಕಾರಾಂತವಾಗಿದ್ದರೂ ಸ್ತ್ರೀಲಿಂಗ, ಲ್ಯಾಟಿನ್‌ನ ‘ಮಾನುಸ್’ ಸ್ತ್ರೀಲಿಂಗವಾಗಿದ್ದುದರ ಫಲ ಅದು. ಹಾಗಾಗಿ ‘ಲೊಸ್ ಮಾನೊಸ್’ ಎಂದು ಬರೆಯಬೇಡಿ.

ಆದರೆ ಈ ಹೋಲಿಕೆಯನ್ನು ಎಲ್ಲಿ ನಿಲ್ಲಿಸಬೇಕೆಂದೂ ತಿಳಿದಿರಬೇಕು. ನಮ್ಮ ‘ಕೊಳ್ಳು’ ಕ್ರಿಯಾಪದಕ್ಕೆ ಅಂಟಿಕೊಂಡೇ ಇರುತ್ತದೆ, ಯಾರು ತೊಳೆದರೂ ಧಾತು ಅದೇ. ಸ್ಪ್ಯಾನಿಷ್‌ನಲ್ಲಿ ಸರ್ವನಾಮ ಕರ್ತೃವಿಗೆ ತಕ್ಕಂತೆ ಬದಲಾಗುತ್ತದೆ, ಜಾಗವನ್ನೂ ಬದಲಾಯಿಸುತ್ತದೆ. ಕಾಲ ಮತ್ತು ಪುರುಷ ಸೂಚಿಸುವ ಕ್ರಿಯಾಪದದ ಮುಂದೆ ಅದು ಬಿಡಿಯಾಗಿ ನಿಲ್ಲುತ್ತದೆ. ಮೂಲರೂಪ, ‘ತೊಳೆಯುತ್ತ’ ಎಂಬಂಥ ಅರ್ಥ ಕೊಡುವ ‘ಆಂದೊ’ ರೂಪ ಮತ್ತು ವಿಧ್ಯರ್ಥಕಗಳ ಬೆನ್ನಿಗೆ ಅಂಟಿಕೊಳ್ಳುತ್ತದೆ. ‘ನಾನು ಕೈ ತೊಳೆದುಕೊಳ್ಳಬೇಕು’ ಎನ್ನಲು ‘ತೆಂಗೊ ಕೆ ಲವಾರ್ಮೆ ಲಾಸ್ ಮಾನೊಸ್’ ಎನ್ನಬೇಕು. ನಿಘಂಟಿನಲ್ಲಿ ‘ಲವಾರ್ಸೆ’ ಎಂದು ಕಂಡದ್ದನ್ನು ಹಾಗೆಯೇ ತಂದು ‘ತೆಂಗೊ ಕೆ ಲವಾರ್ಸೆ’ ಎನ್ನುವುದು ಕನ್ನಡಿಗರು ಮಾತ್ರವಲ್ಲ, ಎಲ್ಲ ಹೊಸಬರೂ ಮಾಡುವ ತಪ್ಪು. ‘ಕೈ ತೊಳ್ಕೊ’ ಎಂದು ಮಗುವಿಗೆ ಹೇಳುವುದಕ್ಕೆ ‘ಲಾವತೆ ಲಾಸ್ ಮಾನೊಸ್’. ಅರ್ಜೆಂಟೀನಾ ಮತ್ತು ಉರುಗ್ವೆಯ ಮನೆಗಳಲ್ಲಿ ಅದೇ ಮಾತು ಒತ್ತು ಸರಿದು ‘ಲವಾತೆ’ ಆಗುತ್ತದೆ. ಗೌರವದ ‘ತೊಳೆದುಕೊಳ್ಳಿ’ಗೆ ‘ಲಾವೆಸೆ’, ಹಲವರಿಗೆ ‘ಲಾವೆನ್ಸೆ’. ಸ್ಪೇನಿನಲ್ಲಿ ಮಾತ್ರ ಸಲುಗೆಯ ಬಹುವಚನಕ್ಕೆ ‘ಲವಾಓಸ್’ ಎಂಬ ಬೇರೆ ರೂಪವಿದೆ.

ತೊಳೆಯುವವರು ಒಬ್ಬರು, ಮೈ ಇನ್ನೊಬ್ಬರದು ಆದಾಗ ಏನು ಮಾಡಬೇಕು? ‘ತಾಯಿ ಮಗುವಿನ ಕೈ ತೊಳೆದಳು’ ಎನ್ನುವಲ್ಲಿ ನಾವು ಷಷ್ಠಿಯನ್ನು ಬಳಸುತ್ತೇವೆ. ಸ್ಪ್ಯಾನಿಷ್‌ನಲ್ಲಿ ‘ಲಾ ಮಾದ್ರೆ ಲೆ ಲವೋ ಲಾಸ್ ಮಾನೊಸ್ ಅಲ್ ನೀನ್ಯೊ’ ಎಂದು ಚತುರ್ಥಿಯೇ ಬರುತ್ತದೆ, ಅಂದರೆ ಮಗುವಿ‘ಗೆ’ ಕೈ ತೊಳೆದ ಹಾಗೆ. ಇದು ಅಪರಿಚಿತವೆನಿಸಿದರೆ ‘ಮಗುವಿಗೆ ಎರೆದಳು’ ಎಂಬ ನಮ್ಮದೇ ಪ್ರಯೋಗವನ್ನು ನೆನೆಯಬಹುದು. ಹಾಗೆಯೇ ‘ಮೆ ಲಾವೊ ಲಾ ರೋಪ’ ಎಂಬ ವಾಕ್ಯವನ್ನು ಎಲ್ಲಿಯಾದರೂ ಓದಿದರೆ ಬೆಚ್ಚಬೇಡಿ: ಬಟ್ಟೆ ದೇಹದ ಭಾಗವಲ್ಲದಿದ್ದರೂ ‘ನನ್ನ ಬಟ್ಟೆ ನಾನೇ ಒಗೆದುಕೊಳ್ಳುತ್ತೇನೆ’ ಎನ್ನುವ ಅರ್ಥದಲ್ಲಿ ಅದು ಸರಿಯಾದ ಪ್ರಯೋಗ, ಅಲ್ಲಿಯೂ ‘ಕೊಳ್ಳು’ ಅದೇ ಕೆಲಸ ಮಾಡುತ್ತಿದೆ.

‘ಸೆ’ ಕಂಡಲ್ಲೆಲ್ಲ ‘ಕೊಳ್ಳು’ ಎಂದು ಓದಿದರೆ ಮಾತ್ರ ದಾರಿ ತಪ್ಪುತ್ತದೆ. ಅಂಗಿಯ ಕೊರಳಪಟ್ಟಿಯ ಚೀಟಿಯಲ್ಲಿ ‘ಲಾವೆಸೆ ಅ ಮಾನೊ’ ಎಂದಿದ್ದರೆ ಅಂಗಿ ತಾನೇ ತೊಳೆದುಕೊಳ್ಳಲಿ ಎಂದು ಯಾರೂ ಹೇಳುತ್ತಿಲ್ಲ. ‘ಕೈಯಲ್ಲಿ ಒಗೆಯತಕ್ಕದ್ದು’ ಎಂಬ ಕರ್ಮಣಿ ಸೂಚನೆ ಅದು. ರಸ್ತೆ ಬದಿಯ ‘ಸೆ ಲಾವನ್ ಕೋಚೆಸ್’ ಎಂಬ ಫಲಕವೂ ಹಾಗೆಯೇ: ‘ಇಲ್ಲಿ ಕಾರುಗಳನ್ನು ತೊಳೆಯಲಾಗುತ್ತದೆ’. ಬಟ್ಟೆಯ ಚೀಟಿಗಳಲ್ಲಿ ಮೂಲರೂಪವನ್ನೇ ಆಜ್ಞೆಯಾಗಿ ಬಳಸಿ ‘ನೊ ಲವಾರ್’ ಎಂದಷ್ಟೇ ಬರೆಯುವುದೂ ಉಂಟು. ಇನ್ನು ‘ಎಸ್ತ ತೇಲ ಲಾವ ಬ್ಯೆನ್’ ಎಂಬ ಪ್ರಯೋಗ ಕೇಳಿದರೆ, ಬಟ್ಟೆಯೇ ಕರ್ತೃವಾಗಿ ‘ಈ ಬಟ್ಟೆ ಒಗೆತಕ್ಕೆ ಚೆನ್ನಾಗಿ ಬರುತ್ತದೆ’ ಎಂಬ ಅರ್ಥ. ಇದು ಅಪರೂಪವಾದರೂ ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಒಪ್ಪಿಕೊಂಡ ಪ್ರಯೋಗವೇ.

ಅರ್ಥವ್ಯಾಪ್ತಿಗೆ ಬಂದರೆ ಕನ್ನಡದ ಕ್ರಿಯಾಪದಗಳಿಗಿಂತ ಲವಾರ್ ಅಗಲವಾದದ್ದು. ನಾವು ಬಟ್ಟೆಯನ್ನು ಒಗೆಯುತ್ತೇವೆ, ಕೈಕಾಲನ್ನು ತೊಳೆಯುತ್ತೇವೆ, ಪಾತ್ರೆಯನ್ನು ತಿಕ್ಕುತ್ತೇವೆ ಅಥವಾ ಬೆಳಗುತ್ತೇವೆ, ಹಲ್ಲನ್ನು ಉಜ್ಜುತ್ತೇವೆ, ತಲೆಗೆ ಎರೆದುಕೊಳ್ಳುತ್ತೇವೆ. ಲವಾರ್ ಈ ಎಲ್ಲ ಜಾಗಕ್ಕೂ ಹೊಂದುತ್ತದೆ. ಹಲ್ಲಿಗೆ ‘ಸೆಪಿಯಾರ್ಸೆ’ ಎಂಬ ಬ್ರಷ್ಷಿನ ಕ್ರಿಯಾಪದವಿದ್ದರೂ ‘ಲವಾರ್ಸೆ ಲೊಸ್ ದ್ಯೆಂತೆಸ್’ ಅಷ್ಟೇ ಸಹಜ. ‘ಲವಾರ್ಸೆ ಲಾ ಕಬೇಸ’ ಎಂದು ಸ್ಪೇನಿನವರು ಹೇಳಿದಾಗ ಅವರು ಕೂದಲನ್ನು ಉದ್ದೇಶಿಸಿಯೇ ‘ತಲೆ’ ಎನ್ನುತ್ತಿರುತ್ತಾರೆ. ತಲೆಸ್ನಾನ ಎನ್ನುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಇಡೀ ಮೈಯ ಸ್ನಾನಕ್ಕೆ ಲವಾರ್ಸೆ ಬಳಸುವುದಿಲ್ಲ. ಲ್ಯಾಟಿನ್ ಅಮೆರಿಕದ ಬಹುಭಾಗದಲ್ಲಿ ಶವರ್ ಕೆಳಗೆ ನಿಂತರೂ ‘ಬನ್ಯಾರ್ಸೆ’. ಸ್ಪೇನಿನಲ್ಲಿ ಶವರ್‌ಗೆ ‘ದುಚಾರ್ಸೆ’, ಬನ್ಯಾರ್ಸೆ ಎಂದರೆ ತೊಟ್ಟಿಯಲ್ಲಿ ಮೀಯುವುದು ಅಥವಾ ಸಮುದ್ರಕ್ಕೋ ಈಜುಕೊಳಕ್ಕೋ ಇಳಿಯುವುದು.

‘ಲಿಂಪ್ಯಾರ್’ ಎಂಬುದನ್ನು ಲವಾರ್‌ನ ಪರ್ಯಾಯವೆಂದು ಭಾವಿಸಬೇಡಿ. ಲಿಂಪ್ಯಾರ್ ಎಂದರೆ ಶುಚಿಮಾಡುವುದು. ಅದಕ್ಕೆ ನೀರು ಬೇಕೇ ಬೇಕೆಂದಿಲ್ಲ, ಒಣಬಟ್ಟೆಯಿಂದ ಮೇಜು ಒರೆಸಿದರೂ ಅದು ಲಿಂಪ್ಯಾರ್. ಲವಾರ್‌ನಲ್ಲಿ ನೀರು ಅಥವಾ ಬೇರೊಂದು ದ್ರವ ಇರಲೇಬೇಕು. ಸೋಪು ಹೋಗುವಂತೆ ಜಾಲಿಸುವುದಕ್ಕೆ ಎಲ್ಲೆಡೆ ‘ಎನ್‌ಹ್ವಗಾರ್’ ನಡೆಯುತ್ತದೆ, ಸ್ಪೇನಿನ ಒಗೆಯುವ ಯಂತ್ರಗಳ ಮೇಲೆ ಮಾತ್ರ ‘ಅಕ್ಲರಾದೊ’ ಎಂದು ಬರೆದಿರುತ್ತದೆ.

ಫ್ರೆಗಾರ್ ವಿಷಯದಲ್ಲಿ ನಿಮ್ಮ ಎರಡೂ ಕಡೆಯವರು ಸರಿಯೇ. ಲ್ಯಾಟಿನ್‌ನ ಉಜ್ಜು ಎಂಬರ್ಥದ ‘ಫ್ರಿಕಾರೆ’ಯಿಂದ ಬಂದ ಇದು ನಮ್ಮ ‘ತಿಕ್ಕು’ವಿಗೆ ಸರಿಯಾಗಿ ಕೂಡುತ್ತದೆ. ಸ್ಪೇನಿನಲ್ಲಿ ‘ಫ್ರೆಗಾರ್ ಲೊಸ್ ಪ್ಲಾತೊಸ್’ ಎಂದರೆ ಮುಸುರೆ ತಿಕ್ಕುವುದು, ‘ಫ್ರೆಗಾರ್ ಎಲ್ ಸ್ವೇಲೊ’ ಎಂದರೆ ನೆಲ ಒರೆಸುವುದು. ನೆಲ ಒರೆಸುವ ಉದ್ದ ಕೋಲಿನ ಸಾಧನಕ್ಕೆ ಅಲ್ಲಿ ‘ಫ್ರೆಗೋನ’ ಎಂದು ಹೆಸರು. ಮೊದಲು ಅಡುಗೆಮನೆಯ ಕೆಲಸದಾಕೆಯನ್ನು ಹಾಗೆ ಕರೆಯುತ್ತಿದ್ದರು. 1950ರ ದಶಕದಲ್ಲಿ ಸಾರಗೋಸಾದ ಎಂಜಿನಿಯರ್ ಮಾನ್ವೆಲ್ ಹಲೋನ್ ಕೊರೋಮಿನಸ್ ಹಿಂಡುವ ಬಕೆಟ್ಟಿನೊಡನೆ ಈ ಸಾಧನವನ್ನು ಮಾರುಕಟ್ಟೆಗೆ ತಂದ ಮೇಲೆ ಹೆಂಗಸರು ಮಂಡಿಯೂರಿ ನೆಲ ಉಜ್ಜುವುದು ನಿಂತಿತು, ಹೆಸರು ಹೆಂಗಸಿನಿಂದ ಕೋಲಿಗೆ ದಾಟಿತು. ಅಟ್ಲಾಂಟಿಕ್‌ನ ಆಚೆ ಕಡೆ ಫ್ರೆಗಾರ್‌ಗೆ ಬೇರೆ ಬಾಳು ಒದಗಿದೆ: ಮೆಕ್ಸಿಕೊದಿಂದ ಪೆರುವಿನವರೆಗೆ ಆಡುಮಾತಿನಲ್ಲಿ ಅದರ ಮುಖ್ಯ ಅರ್ಥ ಪೀಡಿಸು, ಕಾಟಕೊಡು ಎಂಬುದು. ತಿಕ್ಕುವುದರಿಂದ ತಿಕ್ಕಾಟ ಎಂಬ ಪದವನ್ನು ಪಡೆದ ನಮಗೆ ಈ ನಡೆ ಅರ್ಥವಾಗದ್ದೇನಲ್ಲ. ಹಾಗಾಗಿ ಅಲ್ಲಿನವರು ಪಾತ್ರೆಗೆ ಲವಾರ್ ಎನ್ನುವುದೇ ಹೆಚ್ಚು: ಮೆಕ್ಸಿಕೊದಲ್ಲಿ ‘ಲವಾರ್ ಲೊಸ್ ತ್ರಾಸ್ತೆಸ್’, ಕೊಲಂಬಿಯಾ ಮತ್ತು ಚಿಲಿಯಲ್ಲಿ ‘ಲವಾರ್ ಲಾ ಲೋಸ’, ಅರ್ಜೆಂಟೀನಾದಲ್ಲಿ ‘ಲವಾರ್ ಲೊಸ್ ಪ್ಲಾತೊಸ್’. ನಿಮಗೆ ಎರಡೂ ಕಡೆಯ ಗ್ರಾಹಕರಿರುವುದರಿಂದ ಪಾತ್ರೆಗೂ ಲವಾರ್ ಬಳಸುವುದೇ ಲೇಸು. ಸ್ಪೇನಿನವರಿಗೂ ಅದು ತಪ್ಪೆನಿಸುವುದಿಲ್ಲ.

ನಾಮಪದಗಳ ವಿಷಯಕ್ಕೆ ಬಂದಾಗ ನಿಜವಾದ ಕಷ್ಟ ಶುರುವಾಗುತ್ತದೆ. ಮುಖ ತೊಳೆಯುವ ಬೇಸಿನ್ ಸ್ಪೇನ್ ಮತ್ತು ಮೆಕ್ಸಿಕೊದಲ್ಲಿ ‘ಲವಾಬೊ’, ಕೊಲಂಬಿಯಾ, ವೆನೆಜುವೆಲಾಗಳಲ್ಲಿ ‘ಲವಮಾನೊಸ್’, ಚಿಲಿ, ಅರ್ಜೆಂಟೀನಾ ಮುಂತಾದ ಕಡೆ ‘ಲವತೋರಿಯೊ’. ಅಡುಗೆಮನೆಯ ಸಿಂಕ್ ಸ್ಪೇನ್ ಮತ್ತು ಮೆಕ್ಸಿಕೊದಲ್ಲಿ ‘ಫ್ರೆಗದೇರೊ’, ಕೊಲಂಬಿಯಾ ಮತ್ತು ಚಿಲಿಯಲ್ಲಿ ‘ಲವಪ್ಲಾತೊಸ್’, ಪೆರುವಿನಲ್ಲಿ ‘ಲವದೇರೊ’, ಅರ್ಜೆಂಟೀನಾದಲ್ಲಿ ‘ಪಿಲೇತ’, ಮತ್ತು ಈ ಪಿಲೇತ ಅಲ್ಲಿ ಈಜುಕೊಳವೂ ಹೌದು. ಲವಪ್ಲಾತೊಸ್ ಎಂಬ ಒಂದೇ ಪದ ಊರಿನ ಪ್ರಕಾರ ಸಿಂಕ್ ಆಗಬಹುದು, ಪಾತ್ರೆ ತೊಳೆಯುವ ಯಂತ್ರವಾಗಬಹುದು, ಹೋಟೆಲಿನಲ್ಲಿ ಆ ಕೆಲಸ ಮಾಡುವ ಮನುಷ್ಯನಾಗಬಹುದು. ಸ್ಪೇನಿನಲ್ಲಿ ಯಂತ್ರಕ್ಕೂ ಅದರ ದ್ರಾವಣಕ್ಕೂ ‘ಲವವಹೀಯಸ್’ ಎನ್ನುತ್ತಾರೆ. ಬಟ್ಟೆ ಒಗೆಯುವ ಯಂತ್ರ ಬಹುತೇಕ ಎಲ್ಲೆಡೆ ‘ಲವದೋರ’, ಅರ್ಜೆಂಟೀನಾ ಸುತ್ತಮುತ್ತ ‘ಲವರ್ರೋಪಸ್’. ಸ್ಪೇನಿನವರು ‘ಪೊನೇರ್ ಊನ ಲವದೋರ’ ಎಂದರೆ ಒಂದು ಯಂತ್ರವನ್ನು ಜೋಡಿಸುತ್ತಾರೆಂದಲ್ಲ, ಒಂದು ಸಲಕ್ಕಾಗುವಷ್ಟು ಬಟ್ಟೆ ಹಾಕಿ ಚಾಲೂ ಮಾಡುತ್ತಾರೆಂದರ್ಥ. ಬಟ್ಟೆ ಒಗೆದುಕೊಡುವ ಅಂಗಡಿ ‘ಲವಂದೆರೀಯ’. ನಮ್ಮ ಬೀದಿಗಳ ‘ಲಾಂಡ್ರಿ’ ಹಳೆಯ ಫ್ರೆಂಚ್ ಮತ್ತು ಇಂಗ್ಲಿಷ್ ಮೂಲಕ ಅದೇ ಲ್ಯಾಟಿನ್ ಬೇರಿನಿಂದ ಬಂದದ್ದು.

ಲವಾಬೊ ಪದದ ಹುಟ್ಟು ಸ್ವಲ್ಪ ನಿಂತು ನೋಡಬೇಕಾದದ್ದು, ಏಕೆಂದರೆ ಅದು ನಾಮಪದವಾಗಿ ಹುಟ್ಟಿದ್ದೇ ಅಲ್ಲ. ಲ್ಯಾಟಿನ್‌ನಲ್ಲಿ ‘ಲವಾಬೊ’ ಎಂದರೆ ‘ನಾನು ತೊಳೆಯುವೆನು’ ಎಂಬ ಭವಿಷ್ಯತ್ ಕ್ರಿಯಾಪದ. ಕ್ಯಾಥೊಲಿಕ್ ಪೂಜೆಯಲ್ಲಿ ಕಾಣಿಕೆಗಳನ್ನು ಅರ್ಪಿಸಿದ ಮೇಲೆ ಪಾದ್ರಿ ಬೆರಳುಗಳಿಗೆ ನೀರು ಹಾಕಿಸಿಕೊಳ್ಳುವಾಗ ‘ನಿರಪರಾಧಿಗಳ ನಡುವೆ ನನ್ನ ಕೈಗಳನ್ನು ತೊಳೆಯುವೆನು’ ಎಂಬ ಕೀರ್ತನೆಯ ಸಾಲನ್ನು ಹೇಳುತ್ತಿದ್ದ. ಲ್ಯಾಟಿನ್ ಬೈಬಲ್ಲಿನ ಎಣಿಕೆಯಲ್ಲಿ ಅದು 25ನೆಯ ಕೀರ್ತನೆ, ಇತರ ಎಣಿಕೆಯಲ್ಲಿ 26ನೆಯದು. ಆ ಸಾಲಿನ ಮೊದಲ ಪದವೇ ಲವಾಬೊ. ಪದ ಮೊದಲು ವಿಧಿಯ ಹೆಸರಾಯಿತು, ಆಮೇಲೆ ಆ ವಿಧಿಯ ಬೋಗುಣಿಯ ಹೆಸರಾಯಿತು, ಕೊನೆಗೆ ಮನೆಯ ಬೇಸಿನ್ನಿನದು. ಸ್ಪೇನಿನಲ್ಲಿ, ಅದರಲ್ಲೂ ಕ್ಯಾಟಲೋನಿಯಾದ ಕಡೆ, ಶೌಚಾಲಯವನ್ನು ಸಭ್ಯವಾಗಿ ಕೇಳುವುದಕ್ಕೂ ಅದೇ ಪದ ಬಂತು. 1970ರಲ್ಲಿ ಹೊರಬಂದ ಹೊಸ ಪೂಜಾವಿಧಿಯಲ್ಲಿ ಆ ಸಾಲನ್ನು ಬದಲಿಸಿ ‘ಪ್ರಭುವೇ, ನನ್ನ ಅಪರಾಧವನ್ನು ತೊಳೆ’ ಎಂಬ ಬೇರೆ ಕೀರ್ತನೆಯ ಸಾಲನ್ನು ಇಟ್ಟರು, ಆದ್ದರಿಂದ ಇಂದಿನ ಪೂಜೆಯಲ್ಲಿ ಪಾದ್ರಿ ಸಾಮಾನ್ಯವಾಗಿ ಆ ಪದವನ್ನು ಉಚ್ಚರಿಸುವುದಿಲ್ಲ, ಬಚ್ಚಲುಮನೆಯಲ್ಲಿ ಮಾತ್ರ ಅದು ಉಳಿದಿದೆ. ಲವತೋರಿಯೊ ಪದಕ್ಕೂ ಇಂಥದೇ ಎರಡು ಬಾಳಿದೆ: ಚಿಲಿಯಲ್ಲಿ ಅದು ಬೇಸಿನ್, ಇಗರ್ಜಿಯಲ್ಲಿ ಪವಿತ್ರ ಗುರುವಾರದಂದು ನಡೆಯುವ ಪಾದ ತೊಳೆಯುವ ವಿಧಿ.

‘ಲವದೇರೊ’ ಎಂದರೆ ಮೂಲತಃ ಒಗೆಯುವ ಜಾಗ. ಮನೆಗಳಿಗೆ ನಲ್ಲಿ ನೀರು ಬರುವ ಮುಂಚೆ ಸ್ಪೇನಿನ ಹಳ್ಳಿಗಳಲ್ಲಿ ಊರಿಗೆಲ್ಲ ಸೇರಿದ ಕಲ್ಲಿನ ತೊಟ್ಟಿ ಇರುತ್ತಿತ್ತು, ಹಲವೆಡೆ ಅದಕ್ಕೆ ಮಾಡೂ ಇರುತ್ತಿತ್ತು. ಅವುಗಳಲ್ಲಿ ಕೆಲವನ್ನು ಈಗ ಪರಂಪರೆಯ ಕಟ್ಟಡಗಳೆಂದು ಉಳಿಸಿಕೊಂಡಿದ್ದಾರೆ. ಮ್ಯಾಡ್ರಿಡ್‌ನಲ್ಲಿ ಮನ್ಸನಾರೆಸ್ ನದಿಯ ದಡವೇ ಒಗೆಯುವ ಘಟ್ಟವಾಗಿತ್ತು. ಅಗಸಗಿತ್ತಿಗೆ ‘ಲವಂದೇರ’ ಎಂದು ಹೆಸರು. ಸ್ಪೇನಿನ ಚಿತ್ರಕಾರ ಗೋಯ 1779–80ರಲ್ಲಿ ಅರಮನೆಯ ಗೋಡೆಪರದೆಗಳಿಗಾಗಿ ಬರೆದ ಚಿತ್ರಗಳಲ್ಲಿ ನದಿಯ ಬದಿಯ ಲವಂದೇರರ ಚಿತ್ರವೂ ಒಂದು, ಅದು ಇಂದು ಪ್ರಾದೊ ಸಂಗ್ರಹಾಲಯದಲ್ಲಿದೆ. ನೀರಿನ ದಡದಲ್ಲಿ ಬಾಲ ಮೇಲೆ ಕೆಳಗೆ ಆಡಿಸುತ್ತ ಓಡಾಡುವ ಕುಂಡೆಕುಸ್ಕ ಹಕ್ಕಿಗೂ ಸ್ಪ್ಯಾನಿಷ್‌ನಲ್ಲಿ ಲವಂದೇರ ಎಂದೇ ಹೆಸರು. ಮೆಕ್ಸಿಕೊದಲ್ಲಿ ಲವದೇರೊ ಎಂದರೆ ಇಂದಿಗೂ ಮನೆಯ ಹಿಂದೆಯೋ ತಾರಸಿಯ ಮೇಲೋ ಇರುವ, ಗೀರುಗೀರಾದ ಇಳಿಜಾರು ಮೈಯ ಸಿಮೆಂಟಿನ ಒಗೆಯುವ ತೊಟ್ಟಿ. ಅದರ ಸುತ್ತ ಹರಡುವ ಗಾಳಿಮಾತು ‘ಚೀಸ್ಮೆ ದೆ ಲವದೇರೊ’. ಕಸರತ್ತು ಮಾಡಿ ಗೆರೆಗೆರೆಯಾದ ಹೊಟ್ಟೆಗೆ ‘ಅಬ್ದೋಮೆನ್ ದೆ ಲವದೇರೊ’. ಅದೇ ಲವದೇರೊ ಪದ ಸ್ಪೇನ್ ಮತ್ತು ಅರ್ಜೆಂಟೀನಾಗಳಲ್ಲಿ ಕಾರು ತೊಳೆಯುವ ಜಾಗವನ್ನೂ ಸೂಚಿಸಬಲ್ಲದು.

ಲಾಕ್ಷಣಿಕ ಅರ್ಥಗಳಲ್ಲಿ ಮೊದಲನೆಯದು ‘ಲವಾರ್ಸೆ ಲಾಸ್ ಮಾನೊಸ್’ ಎಂಬ ನಿಮ್ಮದೇ ವಾಕ್ಯ. ಮತ್ತಾಯನ ಸುವಾರ್ತೆಯ 27ನೆಯ ಅಧ್ಯಾಯದಲ್ಲಿ ಯೇಸುವಿನ ವಿಚಾರಣೆ ನಡೆಸಿದ ರೋಮನ್ ಅಧಿಪತಿ ಪಿಲಾತನು ಜನರ ಮುಂದೆ ಕೈ ತೊಳೆದುಕೊಂಡು ಈ ರಕ್ತಕ್ಕೆ ನಾನು ಹೊಣೆಯಲ್ಲ ಎಂದ ಪ್ರಸಂಗದಿಂದ ಬಂದ ಇದಕ್ಕೆ ಜವಾಬ್ದಾರಿಯಿಂದ ಜಾರಿಕೊಳ್ಳುವುದು ಎಂದರ್ಥ. ಕನ್ನಡದಲ್ಲಿ ‘ಆಸ್ತಿಗೆ ಕೈ ತೊಳೆದುಕೊಂಡ’ ಎಂದರೆ ಕಳೆದುಕೊಂಡ ಎಂಬ ಅರ್ಥವೂ ಬರುತ್ತದೆ, ಅದು ಸ್ಪ್ಯಾನಿಷ್ ನುಡಿಗಟ್ಟಿನಲ್ಲಿ ಇಲ್ಲ, ಅನುವಾದಿಸುವಾಗ ಎಚ್ಚರವಿರಲಿ. ‘ಊನ ಮಾನೊ ಲಾವ ಲಾ ಓತ್ರ’, ಒಂದು ಕೈ ಇನ್ನೊಂದನ್ನು ತೊಳೆಯುತ್ತದೆ ಎಂಬ ಗಾದೆ ಪರಸ್ಪರ ಸಹಾಯಕ್ಕೂ, ಒಳಒಪ್ಪಂದದ ಕುಹಕಕ್ಕೂ ಸಲ್ಲುತ್ತದೆ. ‘ಲೊಸ್ ತ್ರಾಪೊಸ್ ಸೂಸ್ಯೊಸ್ ಸೆ ಲಾವನ್ ಎನ್ ಕಾಸ’, ಕೊಳಕು ಬಟ್ಟೆಯನ್ನು ಮನೆಯಲ್ಲೇ ಒಗೆಯಬೇಕು ಎಂದರೆ ಮನೆಯ ಗುಟ್ಟನ್ನು ಬೀದಿಗೆ ಹಾಕಬೇಡ ಎಂದರ್ಥ. ‘ಲವಾದೊ ದೆ ಕಾರ’, ಅಂದರೆ ಮುಖ ತೊಳೆಸುವುದು, ಹಳೆಯ ಕಟ್ಟಡಕ್ಕೋ ಸಂಸ್ಥೆಗೋ ಮೇಲುಮೇಲಿನ ಹೊಸರೂಪ ಕೊಡುವುದು. ‘ಲವಾದೊ ದೆ ಸೆರೇಬ್ರೊ’, ಮಿದುಳು ತೊಳೆಯುವುದು, ಚೀನೀ ಪದವೊಂದರ ಇಂಗ್ಲಿಷ್ ಅನುವಾದವಾಗಿ 1950ರಲ್ಲಿ ಪತ್ರಿಕೆಗಳಿಗೆ ಬಂದು ಅಲ್ಲಿಂದ ಸ್ಪ್ಯಾನಿಷ್‌ಗೆ ಇಳಿದದ್ದು.

ಇವುಗಳ ನಡುವೆ ನನಗೆ ಇಷ್ಟವಾದದ್ದು ಅರ್ಜೆಂಟೀನಾ ಮತ್ತು ಉರುಗ್ವೆಯ ‘ಮಾತೆ ಲವಾದೊ’. ಮಾತೆ ಎಂದರೆ ಅಲ್ಲಿನವರು ಸೋರೆಬುರುಡೆಯಂಥ ಬಟ್ಟಲಿನಲ್ಲಿ ಎಲೆಪುಡಿ ತುಂಬಿ, ಕುದಿಯದ ಬಿಸಿನೀರನ್ನು ಮತ್ತೆ ಮತ್ತೆ ಹೊಯ್ದು, ಲೋಹದ ಕೊಳವೆಯಿಂದ ಹೀರುವ ಪಾನೀಯ. ನೀರು ಹೊಯ್ದು ಹೊಯ್ದು ನೊರೆ ಹೋಗಿ, ಕಡ್ಡಿಗಳು ತೇಲಿ, ರುಚಿ ಇಳಿದಾಗ ಅದು ‘ಲವಾದೊ’, ತೊಳೆದುಹೋದದ್ದು. ನಮ್ಮ ಫಿಲ್ಟರಿನ ಮೂರನೆಯ ಡಿಕಾಕ್ಷನ್ನಿನ ಸ್ಥಿತಿ ಅದು. ಅಲ್ಲಿ ಲವಾರ್‌ನಿಂದ ಹೋಗುವುದು ಕೊಳೆಯಲ್ಲ, ಸಾರ. ಅತಿಥಿಗೆ ಮಾತೆ ಲವಾದೊ ಕೊಡುವುದು ಮರ್ಯಾದೆಯಲ್ಲ.

ಕೊನೆಯದಾಗಿ ನಿಮ್ಮ ಕಚೇರಿಯ ಕಾಗದಗಳು. ಮೂರು ಪದಗಳೂ ಒಂದೇ ಅಪರಾಧವನ್ನು ಹೇಳುತ್ತವೆ, ಭೇದವಿರುವುದು ದೇಶದಲ್ಲಿ ಮತ್ತು ಬರಹದ ಬಗೆಯಲ್ಲಿ. ಸ್ಪೇನಿನ ಕಾನೂನಿನ ಪದ ‘ಬ್ಲಾಂಕೇಒ ದೆ ಕಪಿತಾಲೆಸ್’, ಅಕ್ಷರಶಃ ಬಂಡವಾಳವನ್ನು ಬಿಳಿ ಮಾಡುವುದು. ಅಲ್ಲಿನ 2010ರ 10ನೆಯ ಕಾಯ್ದೆಯ ಹೆಸರಿನಲ್ಲಿಯೇ ಇದು ಇದೆ. ಅರ್ಜೆಂಟೀನಾದ 2000ದ 25,246ನೆಯ ಕಾಯ್ದೆ, ಅದೇ ವರ್ಷದ ಕೊಲಂಬಿಯಾ ದಂಡಸಂಹಿತೆಯ 323ನೆಯ ವಿಧಿ, ಪೆರುವಿನ 2012ರ ಶಾಸನ ಇವೆಲ್ಲ ‘ಲವಾದೊ ದೆ ಆಕ್ತೀವೊಸ್’ ಎನ್ನುತ್ತವೆ. ‘ಆಕ್ತೀವೊಸ್’ ಎಂದರೆ ಆಸ್ತಿ, ಆದ್ದರಿಂದ ನಗದು ಮಾತ್ರವಲ್ಲದೆ ಮನೆ, ಜಮೀನು, ಷೇರುಗಳೂ ಅದರಲ್ಲಿ ಸೇರುತ್ತವೆ. ‘ಲವಾದೊ ದೆ ದಿನೇರೊ’ ಪತ್ರಿಕೆಗಳ ಮತ್ತು ದಿನಬಳಕೆಯ ಮಾತು, ಮೆಕ್ಸಿಕೊದ ಬ್ಯಾಂಕುಗಳಲ್ಲಿಯೂ ಅದೇ ರೂಢಿ. ಆದರೆ ಮೆಕ್ಸಿಕೊದ ಕಾನೂನಿನಲ್ಲಿ ಆ ಅಪರಾಧದ ಹೆಸರು ‘ಅಕ್ರಮ ಮೂಲದ ಸಂಪನ್ಮೂಲಗಳೊಡನೆ ವ್ಯವಹಾರ’ ಎಂಬರ್ಥದ ಉದ್ದನೆಯ ಪದಗುಚ್ಛ. ಹಾಗಿದ್ದರೂ 2012ರ ಆ ಕಾಯ್ದೆಯನ್ನು ಎಲ್ಲರೂ ಕರೆಯುವುದು ‘ಲೇಯ್ ಆಂತಿಲವಾದೊ’ ಎಂದೇ. ಕೊಲಂಬಿಯಾದ ಕಾಗದಗಳಲ್ಲಿ ‘ಸಾರ್ಲಾಫ್ತ್’ ಎಂಬ ಸಂಕ್ಷೇಪ (ಈ ಅಪರಾಧದ ಮತ್ತು ಭಯೋತ್ಪಾದನೆಗೆ ಹಣ ಒದಗಿಸುವುದರ ಅಪಾಯವನ್ನು ನಿರ್ವಹಿಸುವ ವ್ಯವಸ್ಥೆಯ ಹೆಸರು) ಕಂಡರೆ ಅದರ ನಡುವಿನ ‘ಲಾ’ ಈ ಲವಾದೊ ದೆ ಆಕ್ತೀವೊಸ್‌ನದೇ. ಅಮೆರಿಕದ ನಗರಗಳ ದರೋಡೆಕೋರರು ಲಾಂಡ್ರಿ ಅಂಗಡಿಗಳನ್ನು ಕೊಂಡು ಹಣ ತಿರುಗಿಸುತ್ತಿದ್ದುದರಿಂದ ಈ ರೂಪಕ ಹುಟ್ಟಿತು ಎಂಬ ಕಥೆ ಎಲ್ಲೆಡೆ ಓಡಾಡುತ್ತದೆ, ಅದನ್ನು ನಂಬಬೇಕಾಗಿಲ್ಲ. ಆ ಪದ ಇಂಗ್ಲಿಷ್ ಪತ್ರಿಕೆಗಳಲ್ಲಿ ಬೇರೂರಿದ್ದು 1970ರ ದಶಕದ ವಾಟರ್‌ಗೇಟ್ ಹಗರಣದ ಕಾಲಕ್ಕೆ.

ಹೀಗಾಗಿ ಕಾಗದ ಬಂದ ದೇಶದ ಪದವನ್ನೇ ನಿಮ್ಮ ಉತ್ತರದಲ್ಲಿಯೂ ಇಟ್ಟುಕೊಳ್ಳಿ, ಒಂದೇ ಪತ್ರದಲ್ಲಿ ಎರಡನ್ನು ಬೆರೆಸಬೇಡಿ. ಕನ್ನಡಕ್ಕೆ ತಿಳಿಸಬೇಕಾದಾಗ ‘ಹಣ ತೊಳೆಯುವುದು’ ಎಂದು ಬರೆಯುವುದಕ್ಕಿಂತ ನಮ್ಮ ಪತ್ರಿಕೆಗಳು 2002ರ ಭಾರತೀಯ ಕಾಯ್ದೆಯನ್ನು ಕುರಿತು ಬಳಸುವ ‘ಅಕ್ರಮ ಹಣ ವರ್ಗಾವಣೆ’ಯೇ ಸ್ಪಷ್ಟ. ‘ಕಪ್ಪುಹಣ ಬಿಳಿ ಮಾಡುವುದು’ ಎಂಬ ನಮ್ಮ ಆಡುಮಾತು ಸ್ಪೇನಿನ ‘ಬ್ಲಾಂಕೆಯಾರ್ ದಿನೇರೊ ನೇಗ್ರೊ’ಗೆ ಪದಕ್ಕೆ ಪದ ಹೊಂದುತ್ತದೆಯಾದರೂ ಕಚೇರಿ ಬರಹದಲ್ಲಿ ಅದನ್ನು ಬಳಸದಿರುವುದು ಒಳ್ಳೆಯದು, ಏಕೆಂದರೆ ತೆರಿಗೆಗೆ ತೋರಿಸದ ಹಣವನ್ನೂ ಮಾದಕವಸ್ತು ಮಾರಿ ಗಳಿಸಿದ ಹಣವನ್ನೂ ನಾವು ಕಪ್ಪುಹಣ ಎಂದೇ ಕರೆಯುತ್ತೇವೆ, ನಿಮ್ಮ ಗ್ರಾಹಕರ ಕಾಗದದಲ್ಲಿ ಆ ಎರಡಕ್ಕೆ ಬೇರೆ ಬೇರೆ ವಿಧಿಗಳು ಅನ್ವಯಿಸಬಹುದು.